ಆಪರೇಷನ್ ಫ್ರೀ, ಬಸ್ ಚಾರ್ಜ್ ನಿಮ್ಮದು

ಹರಪನಹಳ್ಳಿ ಇದ್ದಲ್ಲೇ ಇದೆ. ಜಿಲ್ಲೆಗಳೇ ಅದರ ಮೇಲೆ ಬಂದು ಹೋದವು. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಅದು ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರಲ್ಲಿ ಬಳ್ಳಾರಿಯ ಜತೆಗೇ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಹೊಸ ಜಿಲ್ಲೆಗಳನ್ನು ಮಾಡಿದಾಗ ದಾವಣಗೆರೆಗೆ ಸೇರಿತು. 2018ರಲ್ಲಿ ವಾಪಸ್ ಬಳ್ಳಾರಿಗೆ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ. ಊರಿನ ಹಿರಿಯರೊಬ್ಬರು ಮನೆ ಬಿಟ್ಟು ಕದಲದೆ ಮೂರು ಜಿಲ್ಲೆ, ಎರಡು ರಾಜ್ಯ ನೋಡಿರಬಹುದು.

ಪಕ್ಕದ ಕೂಡ್ಲಿಗಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ ಈ ಓಡಾಟದಲ್ಲಿ ಸಿಕ್ಕಿಹಾಕಿಕೊಳ್ಳಲಿಲ್ಲ. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನೊಳಗೇ ಇತ್ತು. ಇವೆಲ್ಲ 2021ರವರೆಗೂ ಬಳ್ಳಾರಿಯಲ್ಲೇ ಉಳಿದವು. ಹೊಲದಲ್ಲಿ ನಿಂತು ನೋಡಿದರೆ ಗಡಿ ಎಲ್ಲಿ ಅಂತ ಯಾರಿಗೂ ಗೊತ್ತಾಗಲ್ಲ. ಎರಡೂ ಕಡೆ ಅದೇ ಮೆಕ್ಕೆಜೋಳ, ಅದೇ ಶೇಂಗಾ, ಅದೇ ಮಳೆ ಬಾರದ ವರ್ಷಗಳು. ಕೊಟ್ಟೂರು ತೇರಿಗೂ ಮೈಲಾರದ ಕಾರ್ಣಿಕಕ್ಕೂ ಎರಡೂ ಕಡೆಯವರು ಹೋಗ್ತಾರೆ. ಹೆಣ್ಣು ಕೊಡೋದು ತರೋದು ಎಲ್ಲ ಇಲ್ಲೇ.

ಆದರೆ 2010ರಿಂದ 2012ರವರೆಗೆ, ಸುಮಾರು ಎರಡೂವರೆ ವರ್ಷ, ಆ ಗೆರೆಗೆ ಒಂದು ಅರ್ಥ ಬಂತು.

ವಾಜಪೇಯಿ ಆರೋಗ್ಯಶ್ರೀ ಅನ್ನುವ ಯೋಜನೆ 2010ರ ಫೆಬ್ರುವರಿಯಲ್ಲಿ ಶುರುವಾಯಿತು. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ ದೊಡ್ಡ ಚಿಕಿತ್ಸೆ ಉಚಿತ. ಅದು ಸಾಲದಿದ್ದರೆ ಮೇಲೆ ಇನ್ನೂ ಐವತ್ತು ಸಾವಿರ. ಹೃದಯ, ಕ್ಯಾನ್ಸರ್, ನರ, ಕಿಡ್ನಿ, ಸುಟ್ಟಗಾಯ, ಅಪಘಾತ, ನವಜಾತ ಶಿಶುವಿನ ತೊಂದರೆ ಇವೆಲ್ಲ ಪಟ್ಟಿಯಲ್ಲಿದ್ದವು. ಪ್ರೀಮಿಯಂ ಇಲ್ಲ, ನಿಮ್ಮ ಆಫೀಸಿನ ಪಾಲಿಸಿಯಲ್ಲಿರುವ ಹಾಗೆ ಕೋ-ಪೇ ಕೂಡ ಇಲ್ಲ. ರಾಜ್ಯಕ್ಕೆಲ್ಲ ಒಟ್ಟಿಗೆ ಕೊಡೋಕೆ ಆಗಲಿಲ್ಲವಾದ್ದರಿಂದ ಮೊದಲು ಕಲಬುರಗಿ ವಿಭಾಗ (ಆಗಿನ ಗುಲ್ಬರ್ಗ), ಆಮೇಲೆ ಬೆಳಗಾವಿ ವಿಭಾಗ. ಬೆಂಗಳೂರು, ಮೈಸೂರು ವಿಭಾಗಗಳಿಗೆ 2012ರವರೆಗೆ ಕಾಯಬೇಕಾಯಿತು.

ಬಳ್ಳಾರಿ ಇರೋದು ಕಲಬುರಗಿ ವಿಭಾಗದಲ್ಲಿ. ದಾವಣಗೆರೆ ಬೆಂಗಳೂರು ವಿಭಾಗದಲ್ಲಿ. ಹಾಗಾಗಿ ಹಡಗಲಿ ಒಳಗೆ, ಹರಪನಹಳ್ಳಿ ಹೊರಗೆ.

ಇದನ್ನು ಒಂದು ಮಗುವಿನ ಲೆಕ್ಕದಲ್ಲಿ ಹೇಳಬೇಕು. 2011ರಲ್ಲಿ ಎರಡು ಮನೆ ಅಂದುಕೊಳ್ಳಿ: ಒಂದು ಗಡಿಯ ಈಚೆ, ಒಂದು ಆಚೆ, ಇಬ್ಬರೂ ಬಿಪಿಎಲ್, ಇಬ್ಬರ ಮಗುವಿಗೂ ಹೃದಯದಲ್ಲಿ ರಂಧ್ರ. ಹಡಗಲಿ ಕಡೆಯ ಮಗುವಿಗೆ ಆಪರೇಷನ್ನಿಗೆ ಮನೆಯವರು ಕೊಡಬೇಕಾದ ದುಡ್ಡು ಸೊನ್ನೆ. ಹರಪನಹಳ್ಳಿ ಕಡೆಯ ಮಗುವಿಗೆ ದಾರಿಯೇ ಇರಲಿಲ್ಲ ಅಂತಲ್ಲ. ಅಪ್ಪ ಸಹಕಾರ ಸಂಘದ ಸದಸ್ಯನಾಗಿ ಯಶಸ್ವಿನಿ ಮಾಡಿಸಿದ್ದರೆ ಅದು, ಇಲ್ಲದಿದ್ದರೆ ಯಾರದೋ ಶಿಫಾರಸು ಹಿಡಿದು ಮುಖ್ಯಮಂತ್ರಿ ಪರಿಹಾರ ನಿಧಿ, ಅದೂ ಇಲ್ಲದಿದ್ದರೆ ಹೊಲ ಒತ್ತೆ. ತಮಾಷೆ ಏನಂದ್ರೆ, ದೊಡ್ಡ ಆಸ್ಪತ್ರೆಗಳಿಗೆ ಹತ್ತಿರ ಇದ್ದದ್ದು ಹರಪನಹಳ್ಳಿಯೇ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ, ಮಕ್ಕಳಿಗೇ ಅಂತ ಬಾಪೂಜಿ ಆಸ್ಪತ್ರೆ ಇದೆ. ಆಸ್ಪತ್ರೆ ಹತ್ತಿರ ಇದ್ದವರಿಗೆ ಯೋಜನೆ ಇಲ್ಲ, ಯೋಜನೆ ಇದ್ದವರಿಗೆ ಆಸ್ಪತ್ರೆ ದೂರ.

ಯಾರೂ ಬೇಕಂತ ಮಾಡಿದ ಅನ್ಯಾಯ ಅಲ್ಲ ಇದು. ಹಂತಹಂತವಾಗಿ ಮಾಡುವಾಗ ಎಲ್ಲಾದರೂ ಗೆರೆ ಎಳೆಯಲೇಬೇಕು, ಸರ್ಕಾರದ ಕೈಗೆ ಸಿಕ್ಕಿದ್ದು ಕಂದಾಯ ವಿಭಾಗದ ಗೆರೆ. ಆದರೆ ಇಂಥ ಗೆರೆ ಕಂಡರೆ ಅರ್ಥಶಾಸ್ತ್ರಜ್ಞರು ಬಿಡಲ್ಲ. ಎರಡೂ ಕಡೆ ಒಂದೇ ಥರದ ಜನ, ಒಂದು ಕಡೆ ಮಾತ್ರ ಇನ್ಶೂರೆನ್ಸ್: ಯಾರೂ ಯೋಜಿಸದೆ ತಾನಾಗಿ ಆದ ಪ್ರಯೋಗ. ನೀರಜ್ ಸೂದ್, ನಮ್ಮ ಐಐಎಂ ಬೆಂಗಳೂರಿನ ಅರ್ನಬ್ ಮುಖರ್ಜಿ ಮತ್ತಿತರರು ಯೋಜನೆ ಇದ್ದ ಬದಿಯ 300 ಹಳ್ಳಿ, ಇಲ್ಲದ ಬದಿಯ 272 ಹಳ್ಳಿ ಆರಿಸಿ ಅರವತ್ತು ಸಾವಿರದಷ್ಟು ಮನೆಗಳ ಲೆಕ್ಕ ತೆಗೆದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಯೋಜನೆಯ ಪಟ್ಟಿಯಲ್ಲಿದ್ದ ಕಾಯಿಲೆಗಳಿಂದ ಆದ ಸಾವಿನ ಪ್ರಮಾಣ ಬಿಪಿಎಲ್ ಮನೆಗಳಲ್ಲಿ ಗೆರೆಯ ಒಳಗೆ ಶೇ 0.32, ಗೆರೆಯ ಹೊರಗೆ ಶೇ 0.90. ಎಪಿಎಲ್ ಮನೆಗಳಿಗೆ ಯೋಜನೆ ಎರಡೂ ಕಡೆ ಇರಲಿಲ್ಲ, ಅವರಲ್ಲಿ 0.56 ಮತ್ತು 0.55, ಅಂದರೆ ವ್ಯತ್ಯಾಸವೇ ಇಲ್ಲ. ಊರು, ಹವೆ, ನೀರು ಕಾರಣ ಆಗಿದ್ದರೆ ಎಪಿಎಲ್‌ನವರಲ್ಲೂ ವ್ಯತ್ಯಾಸ ಕಾಣಬೇಕಿತ್ತು ತಾನೆ?

ಮಕ್ಕಳನ್ನೇ ಬೇರೆಯಾಗಿ ಅಳೆಯಲು ಮಾಡಿದ ಅಧ್ಯಯನ ಅಲ್ಲ ಇದು. ಇದರೊಳಗೆ ಇನ್ನೊಂದು ಒಗಟೂ ಇದೆ. ಸಾವು ಇಷ್ಟು ಇಳಿದರೂ, ಆಸ್ಪತ್ರೆ ಬಳಕೆ ಏರಿದ್ದು ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವಾಗಿ ಹೇಳುವಷ್ಟು ಸಿಗಲಿಲ್ಲ. ಶೇ 44ರಷ್ಟು ಏರಿರಬಹುದು ಅನ್ನುವ ಅಂದಾಜು ಸಿಕ್ಕಿತು, ಖಾತ್ರಿ ಸ್ವಲ್ಪದರಲ್ಲಿ ತಪ್ಪಿತು. ಜನರ ಕೈಯಿಂದ ಹೋಗುವ ಖರ್ಚಂತೂ ಖಂಡಿತ ಇಳಿದಿತ್ತು.

ನನ್ನ ಲೆಕ್ಕದಲ್ಲಿ ಇಲ್ಲಿ ಕಣ್ಣಿಗೆ ಬೀಳದೆ ಹೋಗುವ ಸಂಗತಿ ಕ್ಯಾಂಪುಗಳು. ಆರೋಗ್ಯಶ್ರೀಗೆ ಸೇರಿದ್ದ ದೊಡ್ಡ ಆಸ್ಪತ್ರೆಗಳು ರೋಗಿ ಬರಲಿ ಅಂತ ಬೆಂಗಳೂರಲ್ಲಿ ಕೂರಲಿಲ್ಲ. ಊರುಗಳಲ್ಲಿ ಆರೋಗ್ಯ ಶಿಬಿರ ಮಾಡಿ, ತಪಾಸಣೆ ಮಾಡಿ, ಬೇಕಾದವರನ್ನು ಆರಿಸಿ ಕರೆದೊಯ್ದವು. ಆಸ್ಪತ್ರೆಗಳಿಗೆ ಅದರಲ್ಲಿ ಬಿಸಿನೆಸ್ ಇತ್ತು, ಇರ್ಲಿ ಬಿಡಿ. ದಾರಿ ತೋರಿಸಲು ಆರೋಗ್ಯಮಿತ್ರ ಅನ್ನುವವರೂ ಇದ್ದರು. ಅಂದರೆ ಆಪರೇಷನ್ ಮಾತ್ರ ಉಚಿತವಾಗಲಿಲ್ಲ. ‘ಈ ಮಗೂನ ಒಮ್ಮೆ ದೊಡ್ಡ ಡಾಕ್ಟರಿಗೆ ತೋರಿಸಬೇಕು’ ಅನ್ನುವ ಮೊದಲ ಹೆಜ್ಜೆಯೂ ಉಚಿತವಾಯಿತು.

ಈ ಮೊದಲ ಹೆಜ್ಜೆಯ ವಿಷಯಕ್ಕೆ ಒಂದು ಹಳೇ ಕಥೆ ಇದೆ. ಅದಕ್ಕೆ ಅಮೆರಿಕಕ್ಕೆ ಹೋಗಿಬರಬೇಕು.

1968ರಲ್ಲಿ ಮಾರ್ಕ್ ಪಾಲಿ ಅನ್ನುವ ಅರ್ಥಶಾಸ್ತ್ರಜ್ಞ ಒಂದು ವಾದ ಮುಂದಿಟ್ಟರು: ಇನ್ಶೂರೆನ್ಸ್ ಎಲ್ಲ ಕಟ್ಟುತ್ತೆ ಅಂತಾದರೆ ಜನ ಬೇಕಾದ್ದಕ್ಕಿಂತ ಹೆಚ್ಚು ಆಸ್ಪತ್ರೆಗೆ ಹೋಗ್ತಾರೆ. ಹಾಗಾಗಿ ಅವರ ಜೇಬಿಂದಲೂ ಸ್ವಲ್ಪ ಹೋಗಬೇಕು. ನಿಮ್ಮ ಪಾಲಿಸಿಯ ಕೋ-ಪೇ, ಡಿಡಕ್ಟಿಬಲ್‌ಗಳ ಹಿಂದೆ ಇರುವ ಯೋಚನೆ ಇದೇ. ನಿಜವೋ ಅಲ್ಲವೋ ನೋಡೋಣ ಅಂತ ರ‍್ಯಾಂಡ್ ಸಂಸ್ಥೆ, ಜೋಸೆಫ್ ನ್ಯೂಹೌಸ್ ಮುಂದಾಳುತನದಲ್ಲಿ, 1970ರ ದಶಕದಲ್ಲಿ ಶುರುಮಾಡಿ ಎಂಬತ್ತರ ದಶಕದ ಮೊದಲವರೆಗೂ ಒಂದು ಭಾರಿ ಪ್ರಯೋಗ ನಡೆಸಿತು. ಡೇಟನ್, ಸಿಯಾಟಲ್ ಸೇರಿ ಆರು ಜಾಗಗಳ ಎರಡು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಚೀಟಿ ಎತ್ತಿದ ಹಾಗೆ ಬೇರೆಬೇರೆ ಪಾಲಿಸಿ ಹಂಚಿದರು. ಕೆಲವರಿಗೆ ಎಲ್ಲ ಉಚಿತ. ಉಳಿದವರು ಬಿಲ್ಲಿನಲ್ಲಿ ಶೇ 25, ಶೇ 50 ಅಥವಾ ಶೇ 95 ತಾವೇ ಕೊಡಬೇಕು. ಆದರೆ ವರ್ಷಕ್ಕೆ ಒಂದು ಮಿತಿ ಇತ್ತು: ಆದಾಯದ ಇಷ್ಟು ಭಾಗ, ಹೆಚ್ಚೆಂದರೆ 1000 ಡಾಲರ್. ಅದು ದಾಟಿದ ಮೇಲೆ ಎಲ್ಲ ಉಚಿತ. ಈ ಮಿತಿಯನ್ನು ನೆನಪಿಟ್ಟುಕೊಳ್ಳಿ.

ಮಕ್ಕಳ ಲೆಕ್ಕ 1985ರಲ್ಲಿ ಬಂತು. ಕೈಯಿಂದ ಕೊಡಬೇಕಾದ ಪಾಲು ಹೆಚ್ಚಾದಂತೆ ಮಕ್ಕಳ ಹೊರರೋಗಿ ಚಿಕಿತ್ಸೆಯ ಖರ್ಚು ಮೂರನೇ ಒಂದು ಭಾಗದವರೆಗೂ ಕುಸಿಯಿತು. ಆದರೆ ಮಕ್ಕಳನ್ನು ಅಡ್ಮಿಟ್ ಮಾಡುವ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮಗು ಮಲಗಿಬಿಟ್ಟರೆ ಯಾವ ಅಪ್ಪ-ಅಮ್ಮನೂ ಲೆಕ್ಕ ಹಾಕಲ್ಲ. ಲೆಕ್ಕ ಹಾಕೋದು ಕೆಮ್ಮು ಶುರುವಾದ ಎರಡನೇ ದಿನ. ‘ನಾಳೆ ನೋಡೋಣ’ ಅನ್ನೋದು ಆಗಲೇ.

ಮರುವರ್ಷ ಬಂದ ಇನ್ನೊಂದು ಲೆಕ್ಕ ಹೆಚ್ಚು ಕಹಿ. ಕೈಯಿಂದ ಕೊಡಬೇಕಾದಾಗ ಜನ ಬೇಡದ ಚಿಕಿತ್ಸೆ ಬಿಟ್ಟು ಬೇಕಾದ್ದನ್ನು ಉಳಿಸಿಕೊಳ್ಳಲಿಲ್ಲ. ಎರಡನ್ನೂ ಒಂದೇ ಸಮ ಕಡಿಮೆ ಮಾಡಿದರು. ಬಡ ಮಕ್ಕಳಿಗೆ ಪೆಟ್ಟು ಜಾಸ್ತಿ. ದಿಢೀರ್ ಕಾಯಿಲೆ ಬಂದಾಗ ನಿಜಕ್ಕೂ ಗುಣ ಕೊಡುವ ಚಿಕಿತ್ಸೆ ಪಡೆಯುವ ಸಾಧ್ಯತೆ, ಉಚಿತ ಪಾಲಿಸಿಯ ಬಡ ಮಗುವಿಗೆ 100 ಅಂತಿಟ್ಟುಕೊಂಡರೆ, ಪಾಲು ಕೊಡಬೇಕಾದ ಬಡ ಮಗುವಿಗೆ 56. ಉಳ್ಳವರ ಮಕ್ಕಳಲ್ಲಿ ಅದು 85.

ಆದರೂ ಜಗತ್ತು ಹೆಚ್ಚಾಗಿ ನೆನಪಿಟ್ಟುಕೊಂಡದ್ದು ಬೇರೆ ಮಾತನ್ನು: ‘ಸರಾಸರಿ ಮಗುವಿನ ಆರೋಗ್ಯದಲ್ಲಿ ದೊಡ್ಡ ವ್ಯತ್ಯಾಸ ಆಗಲಿಲ್ಲ’. ಡೇಟನ್ನಿನ ಸರಾಸರಿ ಮಗು ಎಲ್ಲಿ, ಕೂಡ್ಲಿಗಿಯ ಸರಾಸರಿ ಮಗು ಎಲ್ಲಿ! 1987ರಲ್ಲಿ ವಿಶ್ವಬ್ಯಾಂಕ್ ಬಡ ದೇಶಗಳ ಆರೋಗ್ಯ ವೆಚ್ಚದ ಬಗ್ಗೆ ವರದಿ ತಂದು, ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಕೆದಾರರ ಶುಲ್ಕ ಹಾಕಿ ಅಂದಿತು. 1996ರಲ್ಲಿ ಅದೇ ಬ್ಯಾಂಕಿನ ಸಾಲದಿಂದ ಕರ್ನಾಟಕದಲ್ಲಿ ಆರೋಗ್ಯ ವ್ಯವಸ್ಥೆಗಳ ಅಭಿವೃದ್ಧಿ ಯೋಜನೆ ಶುರುವಾಯಿತು. ಆಸ್ಪತ್ರೆ ಕಟ್ಟಡಗಳು ಸುಧಾರಿಸಿದವು, ಜತೆಗೆ ಶುಲ್ಕವೂ ಬಂತು. ಬಡವರಿಗೆ ವಿನಾಯಿತಿ ಇತ್ತು, ಕಾರ್ಡ್ ತೋರಿಸಿದರೆ. ಸುಗ್ಗಿ ಮುಗಿದ ಮೇಲೆ ಮಂಡ್ಯದ ಕಬ್ಬಿನ ಗದ್ದೆಗೋ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಗುಳೆ ಹೋದ ಹರಪನಹಳ್ಳಿ ತಾಂಡಾದವರ ಕಾರ್ಡ್ ಎಲ್ಲಿರುತ್ತೆ? ಊರಲ್ಲಿ, ಅಜ್ಜಿ ಹತ್ತಿರ.

ಆಮೇಲೆ ಬಂದ ನಮ್ಮ ದೊಡ್ಡ ಯೋಜನೆಗಳನ್ನು ಸಾಲಾಗಿ ನೋಡಿದರೆ ಎಲ್ಲದರ ಒಲವೂ ಒಂದೇ ಕಡೆಗಿದೆ. 2003ರಲ್ಲಿ ಜಾರಿಯಾದ ಯಶಸ್ವಿನಿ, ತಲೆಗೆ ವರ್ಷಕ್ಕೆ 60 ರೂಪಾಯಿ, ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ, 30 ರೂಪಾಯಿ ನೋಂದಣಿ, ಆಸ್ಪತ್ರೆ ದಾಖಲಾತಿಗೆ. ಅದೂ ಮನೆಗೆ ಐದೇ ಜನ, ಗಂಡ-ಹೆಂಡತಿ ಬಿಟ್ಟರೆ ಮೂವರು. ಅಜ್ಜಿ ಬೇಕೋ ಮೂರನೇ ಮಗು ಬೇಕೋ ಅಂತ ಮನೆಯವರೇ ತೀರ್ಮಾನಿಸಬೇಕಾದ ಲೆಕ್ಕ ಅದು. ಆರೋಗ್ಯಶ್ರೀ ದೊಡ್ಡ ಆಪರೇಷನ್ನಿಗೆ. 2018ರ ಆಯುಷ್ಮಾನ್ ಭಾರತ್ ತಲೆಲೆಕ್ಕ ತೆಗೆದುಹಾಕಿತು, ಅದು ನಿಜಕ್ಕೂ ದೊಡ್ಡ ಸುಧಾರಣೆ. ಆದರೆ ಅದೂ ಅಡ್ಮಿಟ್ ಆದರೆ ಮಾತ್ರ. ಕೇಂದ್ರದ ನಿಯಮದಲ್ಲಿ ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯ ನಂತರದ 15 ದಿನದ ಖರ್ಚು ಸೇರುತ್ತೆ. ನಾಲ್ಕನೇ ದಿನದ ಹಿಂದಿನ ಕೆಮ್ಮು ನಿಮ್ಮದು.

ಎಪಿಎಲ್ ಕುಟುಂಬಗಳಿಗಂತೂ ಕರ್ನಾಟಕದಲ್ಲಿ ನೇರಾನೇರ ಪಾಲು ಹಂಚಿಕೆಯೇ ಇದೆ. 2018ರ ಮಾರ್ಚ್‌ನ ಆರೋಗ್ಯ ಕರ್ನಾಟಕದಲ್ಲಿ ನಿಗದಿಯಾದ ಪ್ಯಾಕೇಜ್ ದರದ ಶೇ 30 ಸರ್ಕಾರದ್ದು, ಶೇ 70 ಮನೆಯದ್ದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಜತೆ ಒಂದಾದ ಮೇಲೂ ಎಪಿಎಲ್‌ಗೆ ಇದೇ ಪಾಲು ಮುಂದುವರಿಯಿತು. ಬೆಂಗಳೂರಿನ ಎಪಿಎಲ್ ಅಂದರೆ ನೀವು, ನಾನು. ಕೊಟ್ಟೂರಿನ ಎಪಿಎಲ್ ಅಂದರೆ ಒಂದು ಹೊಲ, ಒಂದು ಕಿರಾಣಿ ಅಂಗಡಿ, ಕಾರ್ಡ್ ಬದಲಾಯಿಸೋಕೆ ಹೋಗಿ ಬರಿಗೈಲಿ ಬಂದವರೂ ಇರಬಹುದು.

ರ‍್ಯಾಂಡ್ ಪ್ರಯೋಗದ ಆ ಮಿತಿ ನೆನಪಿದೆಯಲ್ಲ? ಅಲ್ಲಿ ಪಾಲು ಕೊಡಬೇಕಾದವರಿಗೂ ಒಂದು ಗರಿಷ್ಠ ಮಿತಿ ಇತ್ತು, ಯಾರ ಹೊಲವೂ ಹೋಗುವಂತಿರಲಿಲ್ಲ. ಮಕ್ಕಳ ಅಡ್ಮಿಷನ್ ಖರ್ಚು ಎಲ್ಲ ಪಾಲಿಸಿಯಲ್ಲೂ ಒಂದೇ ಥರ ಇರೋಕೆ ಅದೂ ಒಂದು ಕಾರಣ ಅಂತ ನನಗನ್ನಿಸುತ್ತೆ. 2011ರ ಹರಪನಹಳ್ಳಿಯಲ್ಲಿ ಅಂಥ ಮಿತಿ ಇರಲಿಲ್ಲ. ಆರೋಗ್ಯಶ್ರೀ ಹಡಗಲಿಗೆ, ಕೂಡ್ಲಿಗಿಗೆ ಕೊಟ್ಟದ್ದು ಆ ಮಿತಿಯನ್ನು. ಅದು ಜೀವ ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಮೆರಿಕದ ಮಕ್ಕಳು ತಪ್ಪಿಸಿಕೊಂಡದ್ದು ಇನ್ನೊಂದು ತುದಿಯಲ್ಲಿ, ಮೊದಲ ಭೇಟಿಯಲ್ಲಿ. ಆ ತುದಿಯನ್ನು ನಮ್ಮ ಇನ್ಶೂರೆನ್ಸ್‌ಗಳು ಮುಟ್ಟಲೇ ಇಲ್ಲ.

ಸರ್ಕಾರಿ ಆಸ್ಪತ್ರೆ ಉಚಿತ ಅಲ್ವಾ ಅಂತ ಕೇಳಬಹುದು. ಬಿಪಿಎಲ್‌ನವರಿಗೆ ಚೀಟಿ ಉಚಿತವೇ. ಆದರೆ ಮಗುವನ್ನು ಹಳ್ಳಿಯಿಂದ ಕೂಡ್ಲಿಗಿ ತಾಲ್ಲೂಕು ಆಸ್ಪತ್ರೆಗೆ ಕರೆತಂದರೆ ಅವತ್ತಿನ ಕೂಲಿ ಹೋಯ್ತು. ಡಾಕ್ಟರು ಹೊರಗಿನ ಅಂಗಡಿಗೆ ಔಷಧಿ ಬರೆದರೆ ಅದಕ್ಕೊಂದಷ್ಟು. ಮಕ್ಕಳ ತಜ್ಞರು ಅವತ್ತು ಇಲ್ಲ ಅಂದರೆ ನಾಳೆ ಮತ್ತೆ. ಊರಲ್ಲೇ ಆರ್‌ಎಂಪಿ ಇದ್ದಾನೆ, ಸಂಜೆ ಹೊಲದಿಂದ ಬಂದ ಮೇಲೆ ತೋರಿಸಬಹುದು, ಸೂಜಿ ಮಾಡ್ತಾನೆ, ದುಡ್ಡು ಸುಗ್ಗಿಗೆ ಕೊಟ್ಟರೂ ನಡೀತದೆ. ಅವನ ಹತ್ತಿರ ಹೋಗುವ ತಾಯಿಗೆ ತಿಳಿವಳಿಕೆ ಇಲ್ಲ ಅನ್ನುವವರು ಈ ಲೆಕ್ಕ ಹಾಕಿಲ್ಲ. ಆರ್‌ಎಂಪಿ ದುಡ್ಡು ತಗೊಳ್ತಾನೆ, ಆದರೂ ಉಚಿತ ಆಸ್ಪತ್ರೆಗಿಂತ ಅಗ್ಗ ಬೀಳ್ತಾನೆ.

ಉಚಿತಕ್ಕೂ ಬೆಲೆ ಇದೆ ಅನ್ನೋದಕ್ಕೆ ರಾಜಸ್ಥಾನದ ಉದಯಪುರದ ಒಂದು ಪ್ರಯೋಗ ಪ್ರಸಿದ್ಧ. ಅದೂ ನಮ್ಮ ಕಡೆಯ ಹಾಗೆ ಒಣಭೂಮಿ, ಗುಳೆ ಹೋಗುವ ಜನ. ಲಸಿಕೆ ಪೂರ್ತಿ ಉಚಿತ, ಆದರೂ ಪೂರ್ತಿ ಲಸಿಕೆ ಆದ ಮಕ್ಕಳು ಶೇ 6. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ತಂಡ ಸೇವಾ ಮಂದಿರ ಸಂಸ್ಥೆಯ ಜತೆ ಹಳ್ಳಿಯಲ್ಲೇ ತಪ್ಪದೆ ಲಸಿಕೆ ಕ್ಯಾಂಪ್ ನಡೆಸಿದಾಗ ಅದು ಶೇ 18ರ ಆಸುಪಾಸಿಗೆ ಏರಿತು. ಬಂದವರಿಗೆ ಪ್ರತಿ ಸಲ ಒಂದು ಕೇಜಿ ಬೇಳೆ ಕೊಟ್ಟಾಗ ಶೇ 39ರ ಹತ್ತಿರ. ಬೇಳೆ ಲಂಚ ಅಂತ ನಕ್ಕವರಿದ್ದಾರೆ. ನನಗದು ಅರ್ಧ ದಿನದ ಕೂಲಿಗೆ ಕೊಟ್ಟ ಸಣ್ಣ ಪರಿಹಾರದ ಹಾಗೆ ಕಾಣುತ್ತೆ.

ಮೊದಲ ಹೆಜ್ಜೆಯ ಖರ್ಚನ್ನು ಲೆಕ್ಕಕ್ಕೆ ತಗೊಂಡ ಯೋಜನೆ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೆರಿಗೆಗೂ ಕಾಯಿಲೆ ಬಿದ್ದ 30 ದಿನದೊಳಗಿನ ಕೂಸಿಗೂ ಔಷಧಿ, ಪರೀಕ್ಷೆ, ರಕ್ತದ ಜತೆ ಓಡಾಟವನ್ನೂ ಉಚಿತ ಮಾಡಿತು. ಆಮೇಲೆ ಒಂದು ವರ್ಷದವರೆಗಿನ ಮಗುವಿಗೂ ವಿಸ್ತರಿಸಿದರು. ಬಾಣಂತಿಯನ್ನು ಮನೆಗೆ ಬಿಡುವ ‘ನಗು-ಮಗು’ ವಾಹನವನ್ನು ನೀವು ಊರ ಕಡೆ ರಸ್ತೆಯಲ್ಲಿ ನೋಡಿರಬಹುದು. ಬರೋ ಹೋಗೋ ದಾರಿಯೂ ಚಿಕಿತ್ಸೆಯ ಭಾಗ ಅಂತ ಬರಹದಲ್ಲಿ ಒಪ್ಪಿಕೊಂಡ ಅಪರೂಪದ ಯೋಜನೆ ಅದು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಡಾಕ್ಟರನ್ನೇ ಮಗುವಿನ ಹತ್ತಿರ ಕಳಿಸಿತು: ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ. ಹೃದಯದ ರಂಧ್ರ, ಸೀಳು ತುಟಿ, ಕಿವಿ-ಕಣ್ಣಿನ ದೋಷ ಕಂಡರೆ ಮುಂದಿನ ಚಿಕಿತ್ಸೆಗೆ ಕಳಿಸುತ್ತಾರೆ. ಅವತ್ತಿನ ದಿನ ಮಗು ಊರಲ್ಲಿದ್ದರೆ. ಗುಳೆ ಹೋದ ಮಗುವಿನ ಹೆಸರು ಶಾಲೆಯ ಹಾಜರಿಯಲ್ಲಿರುತ್ತೆ, ಮಗು ಕಬ್ಬಿನ ಗದ್ದೆಯ ಪಕ್ಕದ ಗುಡಿಸಲಲ್ಲಿರುತ್ತೆ.

ನಮ್ಮಂಥವರ ಗ್ರೂಪ್ ಪಾಲಿಸಿಯಲ್ಲೂ ಹೆಚ್ಚಿನ ಕಡೆ ಒಪಿಡಿ ಇರಲ್ಲ. ಆದರೂ ಮಗುವಿಗೆ ಜ್ವರ ಬಂದರೆ ರಾತ್ರಿಯೇ ಆ್ಯಪ್‌ನಲ್ಲಿ ಅಪಾಯಿಂಟ್‌ಮೆಂಟ್ ತಗೋತೀವಿ, ಆರೇಳು ನೂರು ಕೊಟ್ಟು ಬರ್ತೀವಿ, ಅರ್ಧ ದಿನ ವರ್ಕ್ ಫ್ರಮ್ ಹೋಮ್ ಅಂತ ಮೆಸೇಜ್ ಹಾಕ್ತೀವಿ. ಆ ಅರ್ಧ ದಿನದ ಸಂಬಳ ಕಟ್ ಆಗಲ್ಲ. ಹೊರರೋಗಿ ಖರ್ಚನ್ನು ಇನ್ಶೂರೆನ್ಸಿಂದ ಹೊರಗಿಡಬಹುದು, ಅದು ಸಣ್ಣ ಖರ್ಚು ಅನ್ನುವ ಮಾತು ಸಂಬಳದವರ ಮಟ್ಟಿಗೆ ನಿಜ. ನೀತಿ ಬರೆಯುವವರೂ ಸಂಬಳದವರೇ.

ಈಗ ಐದೂ ತಾಲ್ಲೂಕು ಒಂದೇ ಜಿಲ್ಲೆಯಲ್ಲಿವೆ. ಹರಪನಹಳ್ಳಿಗೆ 371ಜೆ ಸೌಲಭ್ಯವೂ ಬಂದಿದೆ. ಹಡಗಲಿ ಮಗುವಿಗೆ ಒಂದು ಕಾರ್ಡ್, ಹರಪನಹಳ್ಳಿ ಮಗುವಿಗೆ ಇನ್ನೊಂದು ಅನ್ನುವ ಕಾಲ ಮುಗಿದಿದೆ. ಮೊದಲ ಹೆಜ್ಜೆಯ ಖರ್ಚಿನಲ್ಲಿ ಈಚೆಗೆ ಆದ ಒಂದು ಬದಲಾವಣೆ ಆರೋಗ್ಯ ಇಲಾಖೆಯಿಂದ ಬಂದದ್ದೇ ಅಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸು ಉಚಿತ. ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಹಳ್ಳಿಯಿಂದ ಕೂಡ್ಲಿಗಿಗೆ, ಅಲ್ಲಿ ಆಗಲ್ಲ ಅಂದರೆ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗುವ ತಾಯಿಗೆ ಸೊನ್ನೆ ಟಿಕೆಟ್. ಅವತ್ತಿನ ಕೂಲಿ ಹೋಗುತ್ತೆ. ಗಂಡನೂ ಜತೆಗೆ ಬಂದರೆ ಅವನ ಟಿಕೆಟ್ ತಗೋಬೇಕು.